ಕರಗುವುದು ಬೊಜ್ಜೊಂದೇ ಅಲ್ಲ

ಸಂಜೆಯಾಯಿತೆಂದರೆ ದುರ್ಗದಬೈಲಿನಲ್ಲಿ ಮಿರ್ಚಿ-ಗಿರಮಿಟ್ಟಿನ ಗಾಡಿಗಳ ಸುತ್ತ ಜನ ನೆರೆಯುವುದು ಹುಬ್ಬಳ್ಳಿಗೆ ಹೊಸದಲ್ಲ. ಅದೇ ಜನರಲ್ಲಿ ಬೊಜ್ಜಿನ ಚಿಂತೆಯೂ ಈಗ ಹೆಚ್ಚಿದೆ, ಚಿಂತೆ ತಪ್ಪಲ್ಲ. ಆದರೆ ನೆರೆಮನೆಯವರು ಥೈರಾಯ್ಡಿಗೆಂದು ತೆಗೆದುಕೊಳ್ಳುವ ಗುಳಿಗೆಯನ್ನು ತಾವೂ ನುಂಗಿದರೆ ತೂಕ ಇಳಿದೀತೆಂಬ ಮಾತು ಕಿವಿಗೆ ಬಿದ್ದಾಗ ಸುಮ್ಮನಿರುವುದು ನಮಗೆ ಸಲ್ಲದು.

ಆ ಔಷಧವು ಸ್ವತಃ ಕೆಟ್ಟುದಲ್ಲ. ದೇಹದ ಇಂಧನವು ಎಷ್ಟು ವೇಗದಿಂದ ಉರಿಯಬೇಕೆಂಬುದನ್ನು ಕೊರಳಿನ ಥೈರಾಯ್ಡ್ ಗ್ರಂಥಿಯ ಹಾರ್ಮೋನು ನಿಯಮಿಸುತ್ತದೆ. ಈ ಗ್ರಂಥಿ ಬತ್ತಿದ್ದ ಒಬ್ಬ ರೋಗಿಣಿಗೆ ೧೮೯೧ರಲ್ಲಿ ಇಂಗ್ಲಂಡದ ವೈದ್ಯ ಜಾರ್ಜ್ ಮರೇ ಅವರು ಕುರಿಯ ಗ್ರಂಥಿಯ ರಸವನ್ನು ಚುಚ್ಚಿ ಕೊಟ್ಟರು. ಆಕೆ ಮುಂದೆ ೨೮ ವರ್ಷ ಬದುಕಿದಳು. ಕೊರತೆಯುಳ್ಳವರಿಗೆ ಹೀಗೆ ಅಮೃತವಾದುದು ಕೊರತೆಯಿಲ್ಲದವರಿಗೆ ಅಪಾಯಕರವಾಗುತ್ತದೆ. ಗ್ರಂಥಿ ನೆಟ್ಟಗಿರುವವರಲ್ಲಿ ವಾಡಿಕೆಯ ಪ್ರಮಾಣದಿಂದ ತೂಕ ಇಳಿಯದು. ಪ್ರಮಾಣ ಹೆಚ್ಚಿಸಿದರೆ ಹೃದಯದ ಬಡಿತ ತಾಳ ತಪ್ಪುತ್ತದೆ, ಕೈ ನಡುಗುತ್ತದೆ, ನಿದ್ರೆ ಹಾರುತ್ತದೆ. ಬೊಜ್ಜಿನೊಡನೆ ಮಾಂಸಖಂಡವೂ ಸವೆಯುತ್ತದೆ. ಮುಟ್ಟು ನಿಂತ ಸ್ತ್ರೀಯರ ಎಲುಬು ಟೊಳ್ಳಾಗುತ್ತದೆ. ಬೊಜ್ಜು ಕರಗಿಸಲು ಇದನ್ನು ಬಳಸಕೂಡದು, ಹೆಚ್ಚಾದರೆ ಪ್ರಾಣಾಪಾಯವೂ ಉಂಟೆಂಬ ಎಚ್ಚರಿಕೆಯನ್ನು ಅಮೇರಿಕೆಯಲ್ಲಿ ಚೌಕಟ್ಟು ಕಟ್ಟಿಯೇ ಮುದ್ರಿಸುತ್ತಾರೆ.

೨೦೨೫ರಲ್ಲಿ ನಮ್ಮ ದೇಶದ ಪೇಟೆಗೆ ಬಂದ ಮೌಂಜಾರೊ, ವೆಗೊವಿ ಎಂಬ ಚುಚ್ಚುಮದ್ದುಗಳ ಮಾತು ಬೇರೆ. ಕರುಳಿನ ಹಾರ್ಮೋನುಗಳನ್ನು ಅನುಕರಿಸುವ ಇವು ಸ್ಥೂಲಕಾಯದ ಚಿಕಿತ್ಸೆಗೆ ಅಂಗೀಕೃತವಾದವು. ಆದರೂ ಪಿತ್ತಕೋಶದ ಹರಳು, ಮೇದೋಜೀರಕದ ಉರಿಯೂತ ಮೊದಲಾದ ತೊಡಕುಗಳನ್ನು ತರಬಲ್ಲವಾದುದರಿಂದ ವೈದ್ಯರ ಚೀಟಿ ಹಾಗೂ ಕಣ್ಗಾವಲಿಲ್ಲದೆ ಅವನ್ನೂ ಮುಟ್ಟತಕ್ಕದ್ದಲ್ಲ. ಲಗ್ನದ ಮುಹೂರ್ತಕ್ಕೆ ಮುಂಚೆ ಮೈ ಇಳಿಯಬೇಕೆಂಬುದು ರೋಗವಲ್ಲ. ಅದಕ್ಕೆ ಮದ್ದೂ ಬೇಕಿಲ್ಲ.

ಔಷಧದಂಗಡಿಯ ಸಜ್ಜನರಲ್ಲಿ ನಮ್ಮ ವಿನಂತಿಯಿಷ್ಟೆ: ಚೀಟಿಯಿಲ್ಲದೆ ಹಾರ್ಮೋನಿನ ಗುಳಿಗೆ ಕೇಳಿ ಬಂದವರನ್ನು ಬರಿಗೈಯಲ್ಲಿ ಕಳುಹಿಸಿರಿ. ಒಂದು ದಿನದ ಗಿರಾಕಿ ತಪ್ಪಿದರೂ ಒಂದು ಜೀವ ಉಳಿದೀತು. ವೈದ್ಯರ ಸಲಹೆಯಂತೆ ಈ ಗುಳಿಗೆ ಸೇವಿಸುವವರು ಈ ಮಾತಿಗೆ ಅಂಜಿ ಅದನ್ನು ಬಿಡಬಾರದು, ಇನ್ನೊಬ್ಬರಿಗೆ ಹಂಚಲೂಬಾರದು. ಕಾರಣವಿಲ್ಲದೆ ಮೈ ಬಂದಿದ್ದರೆ ಗ್ರಂಥಿಯ ದೋಷವಿದ್ದೀತು. ಅದನ್ನು ನಿರ್ಣಯಿಸತಕ್ಕದ್ದು ರಕ್ತಪರೀಕ್ಷೆ, ನೆರೆಮನೆಯ ಜಗುಲಿಯಲ್ಲ. ೧೯೫೭ರಿಂದ ವೈದ್ಯಕೀಯ ಮಹಾವಿದ್ಯಾಲಯವುಳ್ಳ ಈ ಊರಿನಲ್ಲಿ ಆ ಪರೀಕ್ಷೆ ದುರ್ಲಭವಲ್ಲ. ಬೊಜ್ಜು ವರ್ಷಗಟ್ಟಲೆ ಬೆಳೆದುದು. ಮಿತಾಹಾರ, ನಡಿಗೆಗಳಿಂದ ನಿಧಾನವಾಗಿಯೇ ಇಳಿಯಲಿ. ಅವಸರಕ್ಕೆ ಹೃದಯವನ್ನು ಒತ್ತೆಯಿಡುವುದು ಬೇಡ.