ರೋಗಕ್ಕೆ ಹೆಣ್ಣಿನ ಮುಖವೇಕೆ?

ಕುಳಗೇರಿ ಕ್ರಾಸಿನಲ್ಲಿ ಬಾದಾಮಿಯ ಬಸ್ಸಿಗಾಗಿ ಕಾಯುವವರಿಗೆ ಹೊತ್ತು ಕಳೆಯುವುದು ಕಷ್ಟವಲ್ಲ. ಹೆದ್ದಾರಿಯ ಲಾರಿಗಳು ಬಂದು ನಿಲ್ಲುತ್ತವೆ. ಚಹಾದಂಗಡಿಯಲ್ಲಿ ಊರೂರಿನ ಸುದ್ದಿ ಬಿಚ್ಚಿಕೊಳ್ಳುತ್ತದೆ. ಒಮ್ಮೆ ಅಲ್ಲಿ ಎಚ್‌.ಐ.ವಿ. ಸೋಂಕಿನಿಂದ ಗಂಡನನ್ನು ಕಳೆದುಕೊಂಡ ಸೊಸೆಯೊಬ್ಬಳ ಮಾತು ಬಂತು. “ಆಕೀನ ತಂದಿರಬೇಕ್ರಿ ಆ ಜಡ್ಡ” ಎಂದರು ಹಿರಿಯರೊಬ್ಬರು. ಸತ್ಯ ತಿಳಿದವರು ಯಾರೂ ಅಲ್ಲಿರಲಿಲ್ಲ. ಆದರೂ ಎಲ್ಲರೂ ತಲೆದೂಗಿದರು. ನಾವೂ ಸುಮ್ಮನೆ ಕುಳಿತೆವು. ಆ ಮೌನ ನಮ್ಮನ್ನು ಇಂದಿಗೂ ಚುಚ್ಚುತ್ತಿದೆ.

ಆ ಮಾತನ್ನು ಆ ಹಿರಿಯರಿಗೆ ಕಲಿಸಿದವರು ಯಾರು? ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ, ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರ ರಕ್ತದಲ್ಲಿ. ಅವರನ್ನು ಪರೀಕ್ಷಿಸಿದ್ದರಿಂದ ಅವರಲ್ಲಿ ಕಂಡಿತು. ಅವರ ಬಳಿಗೆ ಬಂದು ಹೋದ ಪುರುಷರ ಮಾತು ಹಿಂದೆಯೇ ಉಳಿಯಿತು. ಭಿತ್ತಿಪತ್ರ, ಪತ್ರಿಕೆ, ಚಲನಚಿತ್ರಗಳಲ್ಲಿ ‘ಕೆಟ್ಟ ಹೆಣ್ಣೇ’ ರೋಗದ ಮುಖವಾದಳು.

2000ರ ದಶಕದ ಆರಂಭದಲ್ಲಿ ರಾಜ್ಯದಲ್ಲಿ ಸೋಂಕು ಹೆಚ್ಚಾಗಿದ್ದ ಜಿಲ್ಲೆಗಳಲ್ಲಿ ನಮ್ಮ ಬಾಗಲಕೋಟೆಯೂ ಒಂದು. ಹೊರಗಿನ ಕ್ಯಾಮೆರಾಗಳು ಈ ಭಾಗದ ದೇವದಾಸಿ ತಾಯಂದಿರನ್ನೇ ಹುಡುಕಿ ಬಂದವು. 2010ರಲ್ಲಿ ವಿದೇಶೀ ಸಂಸ್ಥೆಯೊಂದು ತಯಾರಿಸಿದ ಇಂಥ ಸಾಕ್ಷ್ಯಚಿತ್ರವನ್ನು ಕಂಡು ಸಾಂಗ್ಲಿಯ ಮಹಿಳೆಯರ ಸಂಘಟನೆ ‘ವ್ಯಾಂಪ್’ ಸುಮ್ಮನಿರಲಿಲ್ಲ. ತಮ್ಮ ಬದುಕನ್ನು ತಿರುಚಲಾಗಿದೆಯೆಂದು ತಾವೇ ಚಿತ್ರದ ಮೂಲಕ ಉತ್ತರ ಕೊಟ್ಟರು.

ಆದರೆ ಜಿಲ್ಲೆಯ ಜನಸಾಮಾನ್ಯರಲ್ಲಿ ಸೋಂಕು ಎಷ್ಟಿದೆಯೆಂಬ ಅಂದಾಜು ದೊರೆತದ್ದು ಮುಖ್ಯವಾಗಿ ಆಸ್ಪತ್ರೆಗೆ ಬಂದ ಗರ್ಭಿಣಿಯರ ರಕ್ತದಿಂದ. ಅವರು ಸಂಸಾರಸ್ಥ ಹೆಣ್ಣುಮಕ್ಕಳು. ಬಸುರಿಯಾದಾಗ ಪರೀಕ್ಷೆ ಮೊದಲು ನಡೆಯುವುದು ಸೊಸೆಗೆ. ಸೋಂಕು ಮೊದಲು ಕಾಣುವುದೂ ಅವಳಲ್ಲಿ. ಮೊದಲು ಕಂಡದ್ದನ್ನೇ ಮೊದಲು ಬಂದದ್ದೆಂದು ಮನೆಯವರು ತಿಳಿಯುತ್ತಾರೆ. ಚಿತ್ರಗಳು ಕಲಿಸಿದ ಪಾಠ ಅಲ್ಲಿ ತೀರ್ಪಾಗುತ್ತದೆ. ಕೂಸನ್ನೆತ್ತಿಕೊಂಡು ಅವಳು ತವರಿನ ಹಾದಿ ಹಿಡಿಯುತ್ತಾಳೆ.

ಮಾಧ್ಯಮ ಒಳಿತನ್ನೂ ಮಾಡಬಲ್ಲದು. 2004ರ ‘ಫಿರ್ ಮಿಲೇಂಗೆ’ ಹಿಂದೀ ಚಿತ್ರ ಸೋಂಕಿತ ಹೆಣ್ಣನ್ನು ಪಾಪಿಯಾಗಿ ತೋರದೆ, ಕಳೆದುಕೊಂಡ ನೌಕರಿಗಾಗಿ ನ್ಯಾಯಾಲಯದಲ್ಲಿ ಹೋರಾಡುವವಳಾಗಿ ತೋರಿತು. ಅದೇ ವರ್ಷ ಸರ್ಕಾರ ಉಚಿತ ಔಷಧೋಪಚಾರ ಆರಂಭಿಸಿತು. ಇಂದು ಔಷಧಿಯನ್ನು ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಕುಗ್ಗಿದ ಸ್ಥಿತಿಯನ್ನು ಕಾಯ್ದುಕೊಂಡವರಿಂದ ದಾಂಪತ್ಯದ ಸಂಗಾತಿಗೆ ಸೋಂಕು ತಗಲುವುದಿಲ್ಲ. ತಾಯಿಗೆ ಸಕಾಲಕ್ಕೆ ಚಿಕಿತ್ಸೆ ದೊರೆತರೆ ಶಿಶುವಿಗೆ ತಗಲುವ ಸಂಭವ ಶೇಕಡಾ 5ಕ್ಕಿಂತ ಕಡಿಮೆ. 2017ರ ಕಾಯಿದೆಯಂತೆ ಸೋಂಕಿನ ಕಾರಣಕ್ಕೆ ಹೆಣ್ಣುಮಗಳನ್ನು ಮನೆಯಿಂದ ಹೊರಹಾಕುವಂತಿಲ್ಲ. ಇವು ಚಹಾದಂಗಡಿಗೆ ಇನ್ನೂ ತಲುಪದ ಸುದ್ದಿಗಳು.

ಹಿಂದೆ ಸೂಳೆಯಾಗಿದ್ದ ಸಂಕವ್ವೆ ಶರಣೆಯಾದಳು. ಅವಳ ವಚನವನ್ನು ನಾವು ಗೌರವದಿಂದ ಕಾದಿರಿಸಿಕೊಂಡಿದ್ದೇವೆ. ಶರಣರು ಅವಳ ಹಳೆಯ ಬದುಕನ್ನು ಹಿಡಿದು ಅವಳನ್ನು ಅಳೆಯಲಿಲ್ಲ. ಆ ಪರಂಪರೆಯ ಮನೆಗಳಲ್ಲಿ ನಿರಪರಾಧಿ ಸೊಸೆಯ ತಾಟು ಬೇರೆಯಾಗುವುದೆಂತು?

ಬಂಧುಗಳೇ, ಮನೆಯಲ್ಲಿ ಪರೀಕ್ಷೆಯ ಮಾತು ಬಂದರೆ ಗಂಡ ಹೆಂಡತಿ ಇಬ್ಬರೂ ಕೂಡಿ ಹೋಗಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. 1097 ಸಂಖ್ಯೆಗೆ ಕರೆಮಾಡಿ ಗುಟ್ಟಾಗಿ ಸಲಹೆ ಪಡೆಯಬಹುದು. ಇನ್ನೊಮ್ಮೆ ಕ್ರಾಸಿನಲ್ಲಿ ಅಂಥ ಮಾತು ಕೇಳಿಬಂದರೆ, “ಹಂಗನ್ನಬ್ಯಾಡ್ರಿ ಯಜಮಾನ್ರ, ನಮಗೇನು ಗೊತ್ತೈತಿ?” ಎಂದಾದರೂ ಹೇಳೋಣ. ಬಸ್ಸು ತಪ್ಪಿದರೆ ಮತ್ತೊಂದು ಬಂದೀತು. ಒಬ್ಬಳ ಮಾನ ಹೋದರೆ ಮರಳಿ ಬಾರದು.