23 ಡಿಗ್ರಿಯಲ್ಲಿ ಎಲ್ಲಾ ಚೆನ್ನಾಗೇ ಇರುತ್ತೆ

ನಮ್ಮ ಸಂಘದಲ್ಲಿ ಮೆಟೀರಿಯಲ್ಸ್, ಮೆಕ್ಯಾನಿಕಲ್, ಕೆಮಿಕಲ್ ಓದೋರು ಬೇಕಾದಷ್ಟು ಜನ ಇದ್ದೀರಿ. ನಿಮ್ಮ ಹತ್ತಿರ ನನ್ನದೊಂದು ತಕರಾರು. ಪ್ಲಾಸ್ಟಿಕ್ ಫಿಲ್ಮ್ ಎಷ್ಟು ಗಟ್ಟಿ ಅಂತ ಕೇಳಿದರೆ, 23 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದ ಒಂದು ಸಂಖ್ಯೆ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಅದು ಪರೀಕ್ಷೆಗೆ ಗೊತ್ತುಮಾಡಿದ ಉಷ್ಣತೆ. ಒಂದು ಫಿಲ್ಮನ್ನು ಇನ್ನೊಂದರ ಜೊತೆ ಹೋಲಿಸೋಕೆ ಬೇಕು, ಒಪ್ಪುತ್ತೇನೆ. ಆದರೆ ಫಿಲ್ಮ್ ಬಾಳಬೇಕಾದ್ದು ಲ್ಯಾಬ್‌ನಲ್ಲಿ ಅಲ್ಲವಲ್ಲ.

ಹಾಲಿನ ಪ್ಯಾಕೆಟ್ ನೋಡಿ. ಊರಲ್ಲಿ ನಂದಿನಿ, ಇಲ್ಲಿ ಒಂಟಾರಿಯೋದಲ್ಲಿ 4 ಲೀಟರ್ ಚೀಲದೊಳಗೆ ಮೂರು ಚೀಲ. ಎರಡೂ ಪಾಲಿಥೀನ್. ಫ್ರೀಜರ್‌ನಲ್ಲಿಟ್ಟರೂ ಬಾಗುತ್ತೆ. ಅದರ ಅಣುಸರಪಳಿಗಳು ಅಲುಗಾಟ ನಿಲ್ಲಿಸಿ ಗಾಜಿನ ಥರ ಸೆಟೆದುಕೊಳ್ಳೋದು ಸಾಮಾನ್ಯವಾಗಿ ಮೈನಸ್ 100 ಡಿಗ್ರಿಗಿಂತ ಕೆಳಗೆ ಅನ್ನುತ್ತಾರೆ. ಪಾಲಿಪ್ರೊಪಿಲೀನ್‌ಗೆ ಆ ಮಟ್ಟ ಸೊನ್ನೆಯ ಆಸುಪಾಸು. ಸಾರು ತುಂಬಿ ಫ್ರೀಜರ್‌ನಲ್ಲಿಟ್ಟ ಟೇಕ್‌ಅವೇ ಡಬ್ಬ ಕೈಜಾರಿದರೆ ಫಟ್ ಅಂತ ಒಡೆಯೋದು ಅದಕ್ಕೇ.

ಪಾಲಿಸ್ಟೈರೀನ್‌ದು ಇನ್ನೂ ಸ್ವಾರಸ್ಯ. ಅದಕ್ಕೆ ಆ ಮಟ್ಟ ಸುಮಾರು 100 ಡಿಗ್ರಿ. ಕೋಣೆಯ ಉಷ್ಣತೆಯಲ್ಲಿ ಎಳೆದರೆ ಮೊದಲು ಬಿಳಿ ಗೆರೆಗಳು ಮೂಡುತ್ತವೆ. ಅವು ಇನ್ನೂ ಬಿರುಕಲ್ಲ. ಒಳಗೆ ಸೂಕ್ಷ್ಮ ನಾರುಗಳು ಎರಡೂ ದಡವನ್ನು ಹಿಡಿದುಕೊಂಡಿರುತ್ತವೆ. ನಾರು ಕಿತ್ತಾಗಲೇ ಬಿರುಕು. ಅದೇ ಫಿಲ್ಮನ್ನು ನೂರರ ಹತ್ತಿರಕ್ಕೆ ಕಾಯಿಸಿ ನಿಧಾನ ಎಳೆಯಿರಿ, ಒಡೆಯದೆ ಹಿಗ್ಗುತ್ತೆ. ಜೋರಾಗಿ ಎಳೆದರೆ ಮತ್ತೆ ತಣ್ಣಗಿದ್ದ ಹಾಗೇ ಆಡುತ್ತೆ! ತೆಳುವಾದಷ್ಟೂ ಲೆಕ್ಕ ಇನ್ನಷ್ಟು ತಪ್ಪುತ್ತೆ: ಸಿಲಿಕಾನ್ ಮೇಲಿನ ಪಾಲಿಸ್ಟೈರೀನ್ ಫಿಲ್ಮ್ ಸುಮಾರು 40 ನ್ಯಾನೊಮೀಟರ್‌ಗಿಂತ ತೆಳುವಾದರೆ ಆ 100 ಡಿಗ್ರಿಯೇ ಕೆಳಗಿಳಿಯುತ್ತೆ ಅಂತ 1994ರಲ್ಲೇ ಕೆಡ್ಡಿ, ಜೋನ್ಸ್, ಕೋರಿ ತೋರಿಸಿದರು. ದಪ್ಪ ತುಂಡಿನ ಸಂಖ್ಯೆಯನ್ನು ಹ್ಯಾಂಡ್‌ಬುಕ್‌ನಿಂದ ಎತ್ತಿ ಹಾಕೋದು ಹಾಗಾಗಿ ನಡೆಯಲ್ಲ.

ಇದು ಬರೀ ಥೀಸಿಸ್ ಜಗಳವಲ್ಲ. ಸೋಲಾರ್ ಪ್ಯಾನೆಲ್ ಹಿಂಬದಿಗೆ ಅಂಟಿಸಿದ ಒಂದು ಬಗೆಯ ಪಾಲಿಅಮೈಡ್ ಹಾಳೆ ಪರೀಕ್ಷೆಗಳನ್ನೆಲ್ಲ ಪಾಸಾಗಿ, ಬಯಲಿಗೆ ಬಂದ ಕೆಲವೇ ವರ್ಷಗಳಲ್ಲಿ ಬಿರುಕುಬಿಟ್ಟಿತು. ಬಿಸಿಲು, ತೇವ, ಹಗಲು-ರಾತ್ರಿಯ ಉಷ್ಣತೆಯ ಏರಿಳಿತ ಎಲ್ಲಾ ಸೇರಿ ಮಾಡಿದ ಕೆಲಸ. ನಷ್ಟ ಪ್ಯಾನೆಲ್ ಕೊಂಡವರದ್ದು.

ಚೇಂಬರ್ ಸಿಗಲ್ಲ, ಗೈಡ್ ಆತುರಪಡಿಸ್ತಾರೆ, ಗೊತ್ತು. ಆದರೂ ವಿನ್ನಿಪೆಗ್ ಚಳಿಗೊಂದು, ಕೋಣೆಗೊಂದು, ಕಲಬುರಗಿ ಬಿಸಿಲಲ್ಲಿ ಕಾದ ತಾರಸಿಗೊಂದು – ಮೂರು ಉಷ್ಣತೆಯಲ್ಲಿ ಎಳೆದು ನೋಡೋದು ಒಂದು ವಾರದ ಕೆಲಸ. ಅದೂ ಆಗದಿದ್ದರೆ ಗ್ರಾಫ್ ಕೆಳಗೆ ಉಷ್ಣತೆ, ದಪ್ಪ, ಎಳೆದ ವೇಗ ಮೂರನ್ನೂ ಬರೆಯಿರಿ, ಮುಂದಿನವರು ನಿಮ್ಮ ಸಂಖ್ಯೆಯನ್ನು ಎಲ್ಲೆಲ್ಲೋ ಬಳಸದ ಹಾಗೆ.