ವಿಮಾನದವರ ಮನೆಯಲ್ಲಿ ಭಾನುವಾರ ಯಾವತ್ತು?

ರಾತ್ರಿ ಬಜ್ಪೆಯಿಂದ ದುಬೈಗೆ ಹೋಗುವುದು, ಅಲ್ಲಿ ಜನರನ್ನಿಳಿಸಿ ಬೇರೆಯವರನ್ನು ಹತ್ತಿಸಿಕೊಂಡು ಬೆಳಕು ಹರಿಯುವಾಗ ವಾಪಸು ಬರುವುದು. 2010ರ ಮೇ 22ರಂದು ರನ್‌ವೇ ದಾಟಿ ಕಮರಿಗೆ ಬಿದ್ದ ವಿಮಾನದ ಸಿಬ್ಬಂದಿ ಮಾಡಿದ್ದೂ ಇದೇ ಪಾಳಿ. 158 ಜನ ಸತ್ತರು, 8 ಮಂದಿ ಉಳಿದರು. ಧ್ವನಿಮುದ್ರಣ ಕೇಳಿದ ತನಿಖೆಯವರು ಹೇಳಿದ್ದು ಜಿಲ್ಲೆಯವರಿಗೆ ಮರೆತಿರಲಿಕ್ಕಿಲ್ಲ: ಕ್ಯಾಪ್ಟನ್ ಸುಮಾರು 1 ಗಂಟೆ 40 ನಿಮಿಷ ನಿದ್ದೆಯಲ್ಲಿದ್ದರು.

ನಿದ್ದೆಗೆಟ್ಟ ಪೈಲಟ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆ ನಿದ್ದೆ ಆಗಬೇಕಾದದ್ದೆಲ್ಲಿ? ಮನೆಯಲ್ಲಿ ತಾನೆ! ಬೆಳಿಗ್ಗೆ ಏಳೂವರೆಗೆ ಬಂದು ಮಲಗುವ ಹೊತ್ತಿಗೆ ಮಗು ಶಾಲೆಗೆ ಹೊರಟಿರುತ್ತದೆ. ಕುಕ್ಕರ್ ಕೂಗುತ್ತದೆ, ಗ್ಯಾಸಿನವನು ಬೆಲ್ ಒತ್ತುತ್ತಾನೆ, ಪಕ್ಕದ ಮನೆಯಲ್ಲಿ ಟೈಲ್ಸ್ ಕತ್ತರಿಸುತ್ತಾರೆ. "ಅಪ್ಪ ಮಲಗಿದ್ದಾರೆ, ಮೆಲ್ಲ ಮಾತಾಡು" ಅಂತ ಕೇಳಿಯೇ ಮಕ್ಕಳು ದೊಡ್ಡವರಾಗುತ್ತಾರೆ.

ಪಣಂಬೂರಿನ ಕಾರ್ಖಾನೆಯವರಿಗೂ ರಾತ್ರಿ ಪಾಳಿ ಇದೆಯಲ್ಲ ಮಾರಾಯ್ರೆ, ಅನ್ನಬಹುದು. ಇದೆ. ಆದರೆ ಅದನ್ನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಬಹುದು. ವಿಮಾನದವರ ರೋಸ್ಟರ್ ಹಾಗಲ್ಲ. ಇವತ್ತು ನಸುಕಿನ ಮೂರಕ್ಕೆ ಏಳಬೇಕು, ನಾಡಿದ್ದು ನಡುರಾತ್ರಿ ಹೊರಡಬೇಕು, ನಡುವೆ ಒಂದು ದಿನ ಸ್ಟ್ಯಾಂಡ್‌ಬೈ. ಅಂದರೆ ಮನೆಯಲ್ಲೇ ಇದ್ದರೂ ಕಿವಿ ಫೋನಿನ ಮೇಲೆ. ತಂಗಿಯ ಮದುವೆಗೆ "ಬರ್ತೇನೆ" ಅನ್ನುವ ಧೈರ್ಯ ಇಲ್ಲ. ಗಂಡ ಹೆಂಡತಿ ಇಬ್ಬರೂ ವಿಮಾನದವರಾದರೆ ಕೇಳುವುದೇ ಬೇಡ, ಒಬ್ಬರು ಬಾಗಿಲೆಳೆದು ಹೋದ ಮೇಲೆ ಇನ್ನೊಬ್ಬರು ತೆಗೆಯುವುದು. ಮಗು ಅಜ್ಜಿಯದ್ದು.

ಹಿಂದೆ ಇದಕ್ಕೊಂದು ಸುಲಭದ ಉಪಾಯವಿತ್ತು: ಸಂಸಾರವೇ ಬೇಡ! ಏರ್ ಇಂಡಿಯಾದ ಗಗನಸಖಿ ಕೆಲಸಕ್ಕೆ ಸೇರಿ ನಾಲ್ಕು ವರ್ಷದೊಳಗೆ ಮದುವೆಯಾದರೆ, ಇಲ್ಲವೇ ಮೊದಲ ಸಲ ಬಸುರಿಯಾದರೆ, ಮನೆಗೆ ನಡೆ. 1981ರಲ್ಲಿ ಸುಪ್ರೀಂ ಕೋರ್ಟು ಬಸಿರಿನ ಷರತ್ತನ್ನು ಕಿತ್ತುಹಾಕಿತು. ಮದುವೆಯ ಷರತ್ತನ್ನು ಮಾತ್ರ ಸರಿ ಅಂದುಬಿಟ್ಟಿತು.

ಈಗಿನ ಜಗಳ ಗಂಟೆಯ ಲೆಕ್ಕದ್ದು. ಡಿಜಿಸಿಎ 2024ರ ಜನವರಿಯಲ್ಲಿ ಪೈಲಟ್‌ಗಳಿಗೆ ಹೊಸ ನಿಯಮ ಬರೆಯಿತು. ವಾರದ ವಿರಾಮ 36 ಗಂಟೆಯಿಂದ 48 ಗಂಟೆಗೆ ಏರಿತು. ರಾತ್ರಿ ಲ್ಯಾಂಡಿಂಗ್ 6ರಿಂದ 2ಕ್ಕೆ ಇಳಿಯಿತು. ಕಂಪನಿಗಳು ತಕರಾರು ತೆಗೆದವು, ಪೈಲಟ್‌ಗಳು ದೆಹಲಿ ಹೈಕೋರ್ಟಿಗೆ ಹೋದರು. ಕೊನೆಗೆ 2025ರ ಜುಲೈ ಮತ್ತು ನವೆಂಬರಿನಲ್ಲಿ ಎರಡು ಕಂತಾಗಿ ಜಾರಿಗೆ ಬಂತು.

ಅಷ್ಟು ಸಮಯವಿದ್ದರೂ ಇಂಡಿಗೋ ಸಾಲುವಷ್ಟು ಪೈಲಟ್‌ಗಳನ್ನು ಹೊಂದಿಸಿರಲಿಲ್ಲ. ಡಿಸೆಂಬರಿನಲ್ಲಿ ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನ ರದ್ದಾದವು. ಜನ ನಿಲ್ದಾಣದ ನೆಲದಲ್ಲಿ ಮಲಗಿದರು. ಆಗ ಸರ್ಕಾರ ಬಗ್ಗಿದ್ದು ಯಾರ ಕಡೆಗೆ? ಡಿಸೆಂಬರ್ 5ರಂದು, ರಜೆಯನ್ನು ವಾರದ ವಿರಾಮದ ಬದಲಿಗೆ ಲೆಕ್ಕ ಹಾಕಬಾರದು ಎಂಬ ಷರತ್ತನ್ನೇ ವಾಪಸು ಪಡೆಯಿತು. ರಾತ್ರಿ ಕೆಲಸದ ಮಿತಿಯಲ್ಲೂ ಇಂಡಿಗೋಗೆ 2026ರ ಫೆಬ್ರವರಿ 10ರ ತನಕ ವಿನಾಯಿತಿ ಸಿಕ್ಕಿತು.

ದೆಹಲಿಯಲ್ಲಿ ಅದು ಒಂದು ಸಾಲು. ಮನೆಯಲ್ಲಿ ಅದರ ಅರ್ಥ ಬೇರೆ. ಅಮ್ಮನನ್ನು ಆಸ್ಪತ್ರೆಗೆ ತೋರಿಸಲು ಕೇಳಿ ಪಡೆದ ರಜೆಯನ್ನೇ ನಿದ್ದೆ ಮಾಡಬೇಕಿದ್ದ ವಿರಾಮ ಅಂತ ಬರೆದುಕೊಳ್ಳಬಹುದು. ಆಸ್ಪತ್ರೆಯ ಬೆಂಚಿನಲ್ಲಿ ಕೂತವನು ಕಾಗದದ ಮೇಲೆ ಮಲಗಿದ್ದಾನೆ. ಇದೂ ಪೈಲಟ್‌ಗಳ ಮಾತಾಯಿತು. ಊಟದ ಟ್ರಾಲಿ ತಳ್ಳುವ ಹುಡುಗಿಯರ ನಿಯಮದ ಪುಸ್ತಕವೇ ಬೇರೆ. ಡಿಸೆಂಬರಿನ ಗಲಾಟೆಯಲ್ಲಿ ಅದರ ಸುದ್ದಿ ಹೆಚ್ಚು ಕೇಳಿಬರಲಿಲ್ಲ.